ಕಾಯಕಜೀವಿಗಳ ಸಂಘಟಕಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ಪುತ್ತೂರು, ಸುಳ್ಯ ಮತ್ತು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕಾಗಿ ರೂಪುಗೊಂಡ ಕಡಬ, ಪಶ್ಚಿಮ ಘಟ್ಟದ ಅಡಿಯಲ್ಲಿರುವ ಈ ನಾಡಿನಲ್ಲಿ ದುಡಿಮೆಯ ದೊಡ್ಡ ಪಾಲು ಕಣ್ಣಿಗೆ ಬೀಳದೆಯೇ ನಡೆಯುತ್ತದೆ. ತೋಟದಲ್ಲಿ ಮರವೇರಿ ಅಡಿಕೆಯ ಗೊನೆ ಕೊಯ್ಯುವವನನ್ನು ದಾರಿಹೋಕನೂ ಕಾಣುತ್ತಾನೆ. ಅಂಗಳದ ಮೂಲೆಯಲ್ಲಿ ಕುಳಿತು ಒಣಗಿದ ಅಡಿಕೆಯನ್ನು ಸುಲಿಯುವ ಹೆಂಗಸರನ್ನು ಕಾಣುವವರು ಕಡಮೆ. ಮನೆಯ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿರಿಸಿಕೊಂಡು ಬೀಡಿ ಕಟ್ಟಿ, ಅದನ್ನು ಬೀಡಿ ಬ್ರಾಂಚಿಗೆ ಒಯ್ದೊಪ್ಪಿಸಿ, ಬಂದ ಹಣದಿಂದ ಮಕ್ಕಳ ಪುಸ್ತಕವನ್ನೂ ಶುಲ್ಕವನ್ನೂ ಹೊಂದಿಸಿದ ತಾಯಂದಿರು ಈ ಸೀಮೆಯಲ್ಲಿ ಅಸಂಖ್ಯ. ಆದರೂ ತಾಯಿಯ ಉದ್ಯೋಗವೇನೆಂದು ಬರೆಯುವ ಸಂದರ್ಭ ಬಂದಾಗ ಅವರಲ್ಲಿ ಬಹುಮಂದಿ ಗೃಹಿಣಿಯರೆಂದಷ್ಟೇ ಬರೆಯಲ್ಪಟ್ಟರು. ಕಾಣದ ಈ ದುಡಿಮೆಯೂ ದುಡಿಮೆಯೇ, ಅದಕ್ಕೆ ಬೆಲೆಯೂ ಉಂಟು ಹಕ್ಕೂ ಉಂಟು ಎಂಬುದನ್ನು ಅರ್ಧಶತಮಾನಕ್ಕೂ ಮೀರಿದ ಕಾಲ ಸಾರುತ್ತ, ಅದಕ್ಕಾಗಿ ಜನರನ್ನು ಕೂಡಿಸುತ್ತ ಬಂದ ಒಬ್ಬ ಮಹಿಳೆ ಇದೇ ಜಿಲ್ಲೆಯಲ್ಲಿ ಜನಿಸಿದವರು. ಅವರೇ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಜಿಲ್ಲಾಡಳಿತದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಕರಾವಳಿಯ ಸಿರಿವಂತ ಚಿತ್ರಾಪುರ ಸಾರಸ್ವತ ಮನೆತನದವರು; ಮನೆಯಲ್ಲಿಯೇ ಪಾಠ ಹೇಳಿಸಿಕೊಂಡು ಬಹುಶ್ರುತರಾದವರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಪುತ್ತೂರು ಸುಳ್ಯಗಳ ರೈತನಿಗೆ ಮಂಗಳೂರೆಂದರೆ ಕಲೆಕ್ಟರ ಕಚೇರಿ, ಕಚೇರಿಯೆಂದರೆ ಕಂದಾಯ. 1834ರಲ್ಲಿ ಕೊಡಗಿನ ಹಾಲೇರಿ ವಂಶದ ವೀರಶೈವ ಅರಸೊತ್ತಿಗೆಯನ್ನು ಕೊನೆಗಾಣಿಸಿದ ಇಂಗ್ಲಿಷರು ಅಮರಸುಳ್ಯ ಸೀಮೆಯನ್ನು ಕೊಡಗಿನಿಂದ ಬಿಡಿಸಿ ಈ ಜಿಲ್ಲೆಗೆ ಸೇರಿಸಿದ್ದು, ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳತೊಡಗಿದ್ದು, ಬೇಸತ್ತ ರೈತರು 1837ರಲ್ಲಿ ಸುಳ್ಯದ ಕಡೆಯಿಂದ ಹೊರಟು ಬೆಳ್ಳಾರೆಯ ಖಜಾನೆಯನ್ನು ವಶಮಾಡಿಕೊಂಡು ಪುತ್ತೂರಿನ ದಾರಿಯಾಗಿ ಮಂಗಳೂರನ್ನು ಹೊಕ್ಕದ್ದು, ಇವೆಲ್ಲ ಈ ಭಾಗದ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದ ಕಥೆಗಳು. ಕಂದಾಯ ಕೇಳುವ ಆಡಳಿತದ ಅಂಗಳದಲ್ಲಿ ಹುಟ್ಟಿದ ಹೆಣ್ಣುಮಗು ಮುಂದೆ ಕೊಡುವವರ ಪಕ್ಷ ವಹಿಸಿದುದು ಗಮನಾರ್ಹ.

ಅದಕ್ಕೆ ಕಾರಣವಾದ ಮೊದಲ ಪಾಠ ಪುಸ್ತಕದಿಂದ ಬಂದುದಲ್ಲ. ಅಕ್ಕ ಸಗುಣಾ ಎಳೆಯ ವಯಸ್ಸಿನಲ್ಲಿಯೇ ವಿವಾಹವಾಗಿ, ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡರು. ಕಮಲಾದೇವಿಯವರಿಗೆ 7 ವರ್ಷವಾಗಿದ್ದಾಗ ತಂದೆಯವರು ಮರಣಶಾಸನವನ್ನು ಬರೆದಿಡದೆ ಗತಿಸಿದರು. ಅಂದಿನ ಧರ್ಮಶಾಸ್ತ್ರಾಧಾರಿತ ಕಾನೂನಿನಂತೆ ಆಸ್ತಿಯೆಲ್ಲವೂ ಅವರ ಮೊದಲ ಮದುವೆಯ ಮಗನಿಗೆ ಸಂದಿತು. ಗಿರಿಜಾಬಾಯಿಯವರಿಗೂ ಅವರ ಮಗಳಿಗೂ ಉಳಿದುದು ತಿಂಗಳ ಜೀವನಾಂಶದ ಮಾತು ಮಾತ್ರ. ಆ ತಾಯಿ ಜೀವನಾಂಶವನ್ನು ನಿರಾಕರಿಸಿದರು. ತವರಿನಿಂದ ತಂದಿದ್ದ ಸ್ತ್ರೀಧನದಲ್ಲಿಯೇ ಮಗಳನ್ನು ಬೆಳೆಸುವೆನೆಂದು ನಿಂತರು. ಶರಣರ ಕಥೆಗಳನ್ನು ಬಲ್ಲವರಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಪತಿ ಮಾರಯ್ಯನು ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದ ಮಹಾತಾಯಿ ಆಕೆ. ಲಕ್ಕಮ್ಮನು ತನ್ನ ಪಾಲಿಗಿಂತ ಹೆಚ್ಚಾದುದನ್ನು ಒಲ್ಲೆನೆಂದಳು. ಗಿರಿಜಾಬಾಯಿಯವರು ಹಕ್ಕು ಇರಬೇಕಾದ ಎಡೆಯಲ್ಲಿ ಬಂದ ದಯೆಯನ್ನು ಒಲ್ಲೆನೆಂದರು. ಎರಡೂ ನಿರಾಕರಣೆಗಳ ಬೇರು ಒಂದೇ. ಮುಂದೆ ಎಪ್ಪತ್ತು ವರ್ಷಗಳ ಕಾಲ ಕಮಲಾದೇವಿಯವರು ನಡೆಸಿದ ಕಾರ್ಯಗಳನ್ನು ಪರಿಶೀಲಿಸಿದರೆ ತಾಯಿಯ ಈ ಒಂದು ನಡೆಯ ಭಾಷ್ಯವನ್ನೇ ಅವರು ಬಗೆಬಗೆಯಾಗಿ ಬರೆಯುತ್ತ ಹೋದರೆಂದು ತೋರುತ್ತದೆ.

ಬಾಲ್ಯದ ಕೆಲವು ವರ್ಷಗಳು ಸೋದರಮಾವನ ಮನೆಯಲ್ಲಿ ಕಳೆದವು. ಅವರು ಸಮಾಜಸುಧಾರಕರು, ಗೋಪಾಲಕೃಷ್ಣ ಗೋಖಲೆ, ಶ್ರೀನಿವಾಸ ಶಾಸ್ತ್ರಿ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮೊದಲಾದವರು ಬಂದು ಹೋಗುತ್ತಿದ್ದ ಮನೆ ಅದು. ಆದರೆ ಸುಧಾರಣೆಯ ಮಾತು ನಡೆಯುತ್ತಿದ್ದ ಮನೆತನಗಳೂ ಲೋಕರೂಢಿಯನ್ನು ಮೀರುವುದು ಸುಲಭವಾಗಿರಲಿಲ್ಲ. 1917ರಲ್ಲಿ, 14ರ ಹರೆಯದಲ್ಲಿ, ಕಮಲಾದೇವಿಯವರಿಗೆ ವಿವಾಹವಾಯಿತು. 1919ರಲ್ಲಿ ಪತಿ ಕೃಷ್ಣರಾಯರು ತೀರಿಕೊಂಡರು. ಹದಿನಾರರ ವಿಧವೆಗೆ ಆ ಕಾಲದ ಸಮಾಜವು ಏನನ್ನು ವಿಧಿಸುತ್ತಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಅವರು ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಂದುವರಿಸಿದರು. ಅಲ್ಲಿ ಸರೋಜಿನಿ ನಾಯಿಡು ಅವರ ಕಿರಿಯ ಸಹೋದರಿ ಸುಹಾಸಿನಿಯವರ ಪರಿಚಯವೂ, ಅವರ ಮೂಲಕ ಸಹೋದರ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವೂ ಆಯಿತು. ಹರೀಂದ್ರನಾಥರು ಕವಿಗಳು, ನಟರು, ನಾಟಕಕಾರರು. ಕಮಲಾದೇವಿಯವರು 20 ವರ್ಷದವರಿದ್ದಾಗ ಇವರಿಬ್ಬರ ವಿವಾಹವಾಯಿತು. ವಿಧವೆಯ ಮರುಮದುವೆ, ಅದರ ಮೇಲೆ ಭಾಷೆ ಪ್ರಾಂತಗಳನ್ನು ಮೀರಿದ ಮದುವೆ. ಮಂಗಳೂರಿನ ಸಂಪ್ರದಾಯಸ್ಥರಲ್ಲಿ ಕೋಲಾಹಲವೆದ್ದಿತು. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣವೇ ಹೊತ್ತಿ ಉರಿದುದನ್ನು ಸ್ಮರಿಸಿದರೆ, ಎಂಟುನೂರು ವರ್ಷಗಳ ಬಳಿಕವೂ ಮದುವೆಯ ಚಪ್ಪರದಡಿಯ ಕಟ್ಟುಗಳು ಎಷ್ಟು ಸಡಿಲಿದ್ದವು ಎಂಬ ಪ್ರಶ್ನೆ ಏಳುತ್ತದೆ. ಈ ದಾಂಪತ್ಯವೂ ಬಹುಕಾಲ ನಿಲ್ಲಲಿಲ್ಲ. ರಾಮಕೃಷ್ಣನೆಂಬ ಮಗನು ಹುಟ್ಟಿದನು. ಕೆಲವು ವರ್ಷಗಳಲ್ಲಿ ಪತಿಪತ್ನಿಯರ ದಾರಿಗಳು ಬೇರೆಯಾಗಿ, ಕೊನೆಗೆ ನ್ಯಾಯಾಲಯದ ಮೂಲಕವೇ ಬೇರ್ಪಟ್ಟರು. ಅದೂ ಆ ಕಾಲಕ್ಕೆ ಅಪೂರ್ವವಾದ ಸಾಹಸವೇ.

ವಿವಾಹಾನಂತರ ದಂಪತಿಗಳು ಇಂಗ್ಲೆಂಡಿಗೆ ತೆರಳಿದರು. ಕಮಲಾದೇವಿಯವರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಧ್ಯಯನ ಮಾಡಿದರು. ಅಸಹಕಾರ ಚಳವಳಿಯ ವಾರ್ತೆ ಅವರನ್ನು ತಾಯ್ನಾಡಿಗೆ ಸೆಳೆಯಿತು. ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಕಟ್ಟಿದ ಸೇವಾದಳದಲ್ಲಿ ಸೇರಿ, ಸ್ವಯಂಸೇವಿಕೆಯರನ್ನು ಒಗ್ಗೂಡಿಸಿ ತರಬೇತುಗೊಳಿಸುವ ಹೊಣೆಯನ್ನು ಹೊತ್ತರು. ಜನರನ್ನು ಸಾಲಾಗಿ ನಿಲ್ಲಿಸುವುದು, ಕೆಲಸ ಹಂಚುವುದು, ಲೆಕ್ಕವಿಡುವುದು, ಜಗಳ ಬಗೆಹರಿಸುವುದು, ಸಂಘಟನೆಯೆಂಬುದರ ಈ ಒಣಕೆಲಸವನ್ನು ಅವರು ಇಲ್ಲಿ ಕೈಯಾರೆ ಕಲಿತರೆನ್ನಬೇಕು. ಭಾಷಣಕಾರರು ನಾಡಿನಲ್ಲಿ ಹೇರಳವಾಗಿದ್ದರು. ಈ ಕೆಲಸವನ್ನು ಬಲ್ಲವರು ವಿರಳ.

1926ನೆಯ ವರ್ಷವು ಈ ಜಿಲ್ಲೆಯವರು ಮರೆಯಬಾರದ ವರ್ಷ. ಮದರಾಸು ಪ್ರಾಂತದಲ್ಲಿ ಸ್ತ್ರೀಯರಿಗೆ ಮತ ನೀಡುವ ಅಧಿಕಾರವು 1921ರಲ್ಲಿಯೇ ದೊರೆತಿದ್ದರೂ ಶಾಸನಸಭೆಯಲ್ಲಿ ಕೂಡುವ ಅಧಿಕಾರ ದೊರೆತದ್ದು 1926ರಲ್ಲಿ. ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಅವರು ಅಖಿಲ ಭಾರತದಲ್ಲಿ ಸ್ತ್ರೀಸಂಘಟನೆಗೆ ದುಡಿಯುತ್ತಿದ್ದರು. ಕೆಲವು ವರ್ಷಗಳ ಹಿಂದೆ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದು ಈ ಊರನ್ನು ಬಲ್ಲವರು. ಅವರ ಪ್ರೋತ್ಸಾಹದಿಂದ ಕಮಲಾದೇವಿಯವರು ಮದರಾಸು ಶಾಸನಸಭೆಯ ಸ್ಥಾನಕ್ಕೆ ಮಂಗಳೂರಿನಿಂದ ಸ್ಪರ್ಧಿಸಿದರು. ಭಾರತದಲ್ಲಿ ಶಾಸನಸಭೆಗೆ ಚುನಾವಣೆಯಲ್ಲಿ ನಿಂತ ಮೊಟ್ಟಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರು ಸೇರಿತು. ವಯಸ್ಸು ಕೇವಲ 23. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನಗಳು. ಅತ್ಯಲ್ಪ ಮತಗಳ ಅಂತರದಿಂದ ಸೋತರು.

ಸೋಲಿನ ಅಂತರವು ಕಿರಿದಾಗಿದ್ದುದನ್ನು ಚರಿತ್ರಕಾರರು ಹೆಮ್ಮೆಯಿಂದ ಹೇಳುವುದುಂಟು. ಆದರೆ ಅಂದು ಮತ ಹಾಕಿದವರು ಯಾರೆಂಬುದನ್ನೂ ಸ್ವಲ್ಪ ನೋಡಬೇಕು. ಆಸ್ತಿಯುಳ್ಳವರಿಗೆ, ತೆರಿಗೆ ಸಲ್ಲಿಸುವವರಿಗೆ ಮಾತ್ರ ಮತವಿದ್ದಿತು. ಗಿರಿಜಾಬಾಯಿಯವರಂತೆ ಕಾನೂನಿನಿಂದಲೇ ಆಸ್ತಿ ತಪ್ಪಿದ ಸ್ತ್ರೀಯರು ಮತದಾರರ ಪಟ್ಟಿಯಲ್ಲಿ ಸ್ಥಾನ ಪಡೆಯುವುದೆಂತು? ಪುತ್ತೂರು ಉಪ್ಪಿನಂಗಡಿಗಳ ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಣ್ಣಾಳಿಗೆ ಆ ಚುನಾವಣೆ ನಡೆದ ಸಂಗತಿಯೂ ತಿಳಿದಿರಲಾರದು. ಸ್ತ್ರೀಯರ ಪ್ರಶ್ನೆಯು ಮೂಲತಃ ದುಡಿಮೆಯ ಮತ್ತು ಒಡೆತನದ ಪ್ರಶ್ನೆ ಎಂದು ಮುಂದೆ ಕಮಲಾದೇವಿಯವರು ವಾದಿಸಿದುದಕ್ಕೆ ಈ ಹಿನ್ನೆಲೆಯುಂಟು.

ಮರುವರ್ಷ, 1927ರಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಉದಯಿಸಿದಾಗ ಕಮಲಾದೇವಿಯವರು ಅದರ ಪ್ರಥಮ ಸಂಘಟನಾ ಕಾರ್ಯದರ್ಶಿಗಳಾದರು. ಸ್ತ್ರೀಶಿಕ್ಷಣಕ್ಕಾಗಿ ಆರಂಭವಾದ ಸಂಸ್ಥೆಯದು. ರಾಣಿಯರೂ ಶ್ರೀಮಂತ ಗೃಹಿಣಿಯರೂ ಅದರ ಮುಂಚೂಣಿಯಲ್ಲಿದ್ದರು. ಶಿಕ್ಷಣದ ಮಾತಿನಿಂದ ಬಾಲ್ಯವಿವಾಹದ ಮಾತಿಗೆ, ಅಲ್ಲಿಂದ ಆಸ್ತಿಹಕ್ಕಿಗೆ, ಅಲ್ಲಿಂದ ಗಿರಣಿ ಗಣಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿಗೆ ಪರಿಷತ್ತಿನ ಚರ್ಚೆ ಹರಿದುಬಂದುದರಲ್ಲಿ ಇವರ ಪಾತ್ರ ದೊಡ್ಡದು. 1929ರ ಶಾರದಾ ಕಾಯಿದೆಗಾಗಿ ಪರಿಷತ್ತು ದೇಶಾದ್ಯಂತ ಹೋರಾಡಿತು. ಆ ಕಾಯಿದೆಯು ಹೆಣ್ಣಿನ ಮದುವೆಗೆ ಗೊತ್ತುಪಡಿಸಿದ ಕನಿಷ್ಠ ವಯಸ್ಸು 14. ತಮ್ಮ ಮೊದಲ ಮದುವೆಯ ವಯಸ್ಸೇ ಕಾನೂನಿನ ಕನಿಷ್ಠವಾಗಿ ನಿಂತುದನ್ನು ಕಂಡಾಗ ಅವರಿಗೆ ಅದು ಗೆಲುವಾಗಿಯೂ ತೋರಿರಬೇಕು, ಅರೆಗೆಲುವಾಗಿಯೂ ತೋರಿರಬೇಕು.

1930ರ ಉಪ್ಪಿನ ಸತ್ಯಾಗ್ರಹವು ಅವರ ಹೆಸರನ್ನು ಮನೆಮಾತಾಗಿಸಿತು. ಗಾಂಧೀಜಿಯವರು ದಂಡಿಯಾತ್ರೆಗೆ ಆಯ್ದ ತಂಡದಲ್ಲಿ ಸ್ತ್ರೀಯರಿರಲಿಲ್ಲ. ಸ್ತ್ರೀಯರಿಗಾಗಿ ಖಾದಿಯ ಪ್ರಚಾರ, ಮದ್ಯದಂಗಡಿಗಳ ಮುಂದಿನ ಪಿಕೆಟಿಂಗ್ ಮೊದಲಾದ ಕಾರ್ಯಗಳು ಮೀಸಲಾಗಿದ್ದವು. ಉಪ್ಪು ಅಡುಗೆಮನೆಯ ಪದಾರ್ಥ. ಅದರ ಮೇಲಿನ ತೆರಿಗೆಯ ಭಾರವನ್ನು ದಿನನಿತ್ಯ ಅರಿಯುವವಳು ಮನೆಯಾಕೆ. ಅಂತಹ ಹೋರಾಟದಲ್ಲಿ ಅವಳನ್ನೇ ಹೊರಗಿಡುವುದು ಯುಕ್ತವಲ್ಲವೆಂದು ಕಮಲಾದೇವಿಯವರಿಗೆ ತೋರಿತು. ಅವರು ಸುಮ್ಮನೆ ಅಸಮಾಧಾನ ಪಡಲಿಲ್ಲ. ಯಾತ್ರೆಯ ಮಾರ್ಗದಲ್ಲಿಯೇ ಗಾಂಧೀಜಿಯವರನ್ನು ಕಂಡು ವಾದಿಸಿ, ಒಪ್ಪಿಗೆಯನ್ನು ಪಡೆದು ಬಂದರು. ಮಹಾತ್ಮರ ಎದುರು ನಿಂತು ಅವರ ನಿರ್ಧಾರವನ್ನು ಬದಲಿಸಿದವರು ವಿರಳ. ಬದಲಿಸಿಕೊಂಡ ಮಹಾತ್ಮರ ದೊಡ್ಡತನವನ್ನೂ ಇಲ್ಲಿ ಹೇಳದಿರಲಾಗದು.

ಮುಂಬಯಿಯ ಕಡಲತಡಿಯಲ್ಲಿ ಉಪ್ಪು ತಯಾರಿಸಿ ಕಾನೂನು ಮುರಿಯಲು ಹೊರಟ ಮೊದಲ 7 ಮಂದಿಯ ತಂಡದಲ್ಲಿ ಇಬ್ಬರು ಸ್ತ್ರೀಯರಿದ್ದರು. ಒಬ್ಬರು ಅವಂತಿಕಾಬಾಯಿ ಗೋಖಲೆ, ಇನ್ನೊಬ್ಬರು ಕಮಲಾದೇವಿ. ಅವರ ಹಿಂದೆ ಸಾವಿರಾರು ಸ್ತ್ರೀಯರು ಮನೆಯಿಂದ ಕೊಡಗಳನ್ನೂ ಪಾತ್ರೆಗಳನ್ನೂ ತಂದು ಸಮುದ್ರದ ನೀರನ್ನು ಹೊತ್ತೊಯ್ದರು. ತಯಾರಾದ ಉಪ್ಪನ್ನು ಚಿಕ್ಕ ಪೊಟ್ಟಣಗಳಾಗಿ ಕಟ್ಟಿ ಮುಂಬಯಿಯ ಷೇರುಪೇಟೆಯೊಳಗೆ ನುಗ್ಗಿ, ದಲಾಲರ ನಡುವೆ ನಿಂತು ಮಾರಿದರು. ಉಚ್ಚ ನ್ಯಾಯಾಲಯದ ಆವರಣಕ್ಕೂ ಉಪ್ಪು ಪ್ರವೇಶಿಸಿತು. ಬಂಧನಕ್ಕೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಅವರಿಗೂ ಒಂದು ಪೊಟ್ಟಣವನ್ನು ಕೊಳ್ಳುವಿರಾ ಎಂದು ಕೇಳಿದ ಧೈರ್ಯ ಅವರದು. ಅದೇ ವರ್ಷ ರಾಷ್ಟ್ರಧ್ವಜವನ್ನು ಕಸಿಯಲು ಬಂದವರ ಕೈಗೆ ಕೊಡದೆ ಅದನ್ನು ಅಪ್ಪಿ ಹಿಡಿದು ನಿಂತ ಪ್ರಸಂಗವೂ ಜನಜನಿತವಾಯಿತು. ವರ್ಷದ ಸನಿಹಕ್ಕೆ ಬರುವಷ್ಟು ಕಾಲ ಸೆರೆಮನೆವಾಸವಾಯಿತು. ಮುಂದೆಯೂ ಹಲವು ಬಾರಿ ಅವರು ಸೆರೆಮನೆ ಸೇರಿದರು. 1942ರ ಚಲೇಜಾವ್ ಚಳವಳಿಯಲ್ಲಿಯೂ ಬಂಧಿತರಾದರು.

ಈ ನಡುವೆ 1931ರಲ್ಲಿ ಶೂದ್ರಕನ ಮೃಚ್ಛಕಟಿಕವನ್ನು ಆಧರಿಸಿದ ಮೂಕಿಚಿತ್ರವೊಂದರಲ್ಲಿ ಅವರು ಅಭಿನಯಿಸಿದರು. ನಮ್ಮ ಟಿ. ಪಿ. ಕೈಲಾಸಂ ಅವರೂ ಆ ಚಿತ್ರದಲ್ಲಿದ್ದರು. ಕುಲೀನ ಮನೆತನದ ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ಅಪರಾಧವೆನಿಸಿದ್ದ ಕಾಲವದು.

ಕಾಂಗ್ರೆಸ್ಸಿನೊಳಗೆ ಸ್ವರಾಜ್ಯವೆಂದರೇನೆಂಬ ಜಿಜ್ಞಾಸೆ ಬಲವಾಗುತ್ತಿದ್ದ ದಿನಗಳಲ್ಲಿ ಕಮಲಾದೇವಿಯವರು ಸಮಾಜವಾದಿಗಳ ಪಕ್ಷ ಸೇರಿದರು. 1934ರಲ್ಲಿ ಜಯಪ್ರಕಾಶ ನಾರಾಯಣ, ಮೀನೂ ಮಸಾನಿ ಮೊದಲಾದವರು ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದರು. 1936ರಲ್ಲಿ ಮೀರತ್ತಿನಲ್ಲಿ ಜರುಗಿದ ಅದರ ಅಧಿವೇಶನಕ್ಕೆ ಕಮಲಾದೇವಿಯವರೇ ಅಧ್ಯಕ್ಷರು. ರೈತ ಕಾರ್ಮಿಕರನ್ನು ಸಂಘಟಿಸದೆ ಬರುವ ಸ್ವಾತಂತ್ರ್ಯವು ಆಳುವವರ ಬದಲಾವಣೆ ಮಾತ್ರವಾದೀತೆಂಬುದು ಆ ಪಕ್ಷದ ನಿಲುವು. ಕಮಲಾದೇವಿಯವರು ಅದಕ್ಕೆ ಇನ್ನೊಂದನ್ನು ಕೂಡಿಸಿದರು. ಕಾರ್ಮಿಕನೆಂದಾಗ ಗಿರಣಿಯ ಗಂಡಸಿನ ಚಿತ್ರವಷ್ಟೇ ಮನಸ್ಸಿಗೆ ಬರುವುದು ತಪ್ಪೆಂದೂ, ಸಮಾನ ದುಡಿಮೆಗೆ ಸಮಾನ ವೇತನ ಸಲ್ಲಬೇಕೆಂದೂ, ಬಾಣಂತಿಗೆ ವೇತನಸಹಿತ ಬಿಡುವು ಬೇಕೆಂದೂ, ಮನೆಯೊಳಗೆ ಹೆಣ್ಣು ಮಾಡುವ ಕೆಲಸವು ದೇಶದ ಸಂಪತ್ತಿನ ಲೆಕ್ಕಕ್ಕೆ ಸೇರಬೇಕೆಂದೂ ಅವರು ಪ್ರತಿಪಾದಿಸುತ್ತ ಬಂದರು. ಸಮಾಜವಾದಿಗಳಲ್ಲಿ ಹಲವರಿಗೆ ಇದು ಪಕ್ಕದ ವಿಷಯವೆನಿಸಿದ್ದಿರಬಹುದು; ಮಹಿಳಾ ಪರಿಷತ್ತಿನ ಶ್ರೀಮಂತೆಯರಲ್ಲಿ ಹಲವರಿಗೆ ಸಮಾಜವಾದದ ಮಾತು ರುಚಿಸಿರಲಾರದು. ಎರಡು ಕಡೆಯೂ ಅರ್ಧ ಅನ್ಯರಾಗಿ ಉಳಿಯುವ ಕಷ್ಟವನ್ನು ಅವರು ತಾಳಿಕೊಂಡರು.

ಎರಡನೆಯ ಮಹಾಯುದ್ಧವು ಆರಂಭವಾದಾಗ ಅವರು ವಿದೇಶದಲ್ಲಿದ್ದರು. ಅಮೆರಿಕದಲ್ಲಿ ಸುತ್ತಾಡಿ ಭಾರತದ ಸ್ವಾತಂತ್ರ್ಯದ ಪರವಾಗಿ ಉಪನ್ಯಾಸಗಳನ್ನಿತ್ತರು. 1941ರಲ್ಲಿ ಅಲ್ಲಿನ ದಕ್ಷಿಣ ಪ್ರಾಂತಗಳಲ್ಲಿ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ ನಡೆದ ಸಂಗತಿಯೊಂದು ಸ್ಮರಣೀಯ. ಬಿಳಿಯರಿಗೆ ಮೀಸಲಾದ ಬೋಗಿಯಿಂದ ಏಳುವಂತೆ ಟಿಕೆಟು ಪರೀಕ್ಷಕನು ಆಜ್ಞಾಪಿಸಿದನು. ಅವರು ಏಳಲಿಲ್ಲ. ವಿದೇಶೀಯರೆಂದು ತಿಳಿದಾಗ ಆತನು ಮೆತ್ತಗಾಗಿ, ಯಾವ ದೇಶದವರೆಂದು ವಿಚಾರಿಸತೊಡಗಿದನು. ಭಾರತದವರೆಂದು ಹೇಳಿ ವಿನಾಯಿತಿ ಪಡೆಯುವುದು ಸುಲಭವಿದ್ದಿತು. ಕಮಲಾದೇವಿಯವರು ಆ ದಾರಿಯನ್ನು ಹಿಡಿಯದೆ, ತಾವೂ ಕರಿಯ ಬಣ್ಣದವರೇ, ಯಾವ ದೇಶವೆಂಬುದು ಅಪ್ರಸ್ತುತ, ಏಳುವುದಿಲ್ಲವೆಂದು ತಿಳಿಸಿ ಕುಳಿತೇ ಇದ್ದರು. ಪರೀಕ್ಷಕನು ಹೊರಟುಹೋದನು. ತನಗೊಬ್ಬಳಿಗೆ ದೊರೆಯುವ ದಯೆಯನ್ನು ಒಲ್ಲದ ತಾಯಿಯ ಗುಣ ಇಲ್ಲಿಯೂ ಕಾಣುತ್ತದೆ.

ಸ್ವದೇಶಕ್ಕೆ ಮರಳಿ, ಸೆರೆವಾಸವನ್ನು ಮುಗಿಸಿ, 1944ರಲ್ಲಿ ಅವರು ಮಹಿಳಾ ಪರಿಷತ್ತಿನ ಅಧ್ಯಕ್ಷರಾದರು. ಯುದ್ಧದ ನೆಪದಲ್ಲಿ ಸರ್ಕಾರವು ಕಲ್ಲಿದ್ದಲು ಗಣಿಗಳ ನೆಲದಡಿಯಲ್ಲಿ ಸ್ತ್ರೀಯರು ದುಡಿಯಬಾರದೆಂಬ ನಿಷೇಧವನ್ನು 1943ರಲ್ಲಿ ಸಡಿಲಿಸಿದ್ದಿತು. ಪರಿಷತ್ತು ಇದನ್ನು ಪ್ರತಿಭಟಿಸಿತು; 1946ರಲ್ಲಿ ನಿಷೇಧವು ಮರಳಿ ಜಾರಿಗೆ ಬಂದಿತು. ಅದೇ 1946ರಲ್ಲಿ ಪಂಡಿತ ನೆಹರೂ ಅವರು ಕಾಂಗ್ರೆಸ್ ಕಾರ್ಯಸಮಿತಿಗೆ ಕಮಲಾದೇವಿಯವರನ್ನು ಸೇರಿಸಿಕೊಂಡರು. ಅಧಿಕಾರದ ಬಾಗಿಲು ತೆರೆದಿದ್ದ ಕಾಲವದು. ಸ್ವಾತಂತ್ರ್ಯ ಬಂದ ಮೇಲೆ ಅವರ ಓರಗೆಯ ಹಲವರು ಮಂತ್ರಿಗಳಾದರು, ರಾಯಭಾರಿಗಳಾದರು, ರಾಜ್ಯಪಾಲರಾದರು. ಇವರು ಹುದ್ದೆಯ ಕಡೆಗೆ ತಿರುಗದೆ ನಿರಾಶ್ರಿತರ ಶಿಬಿರಗಳ ಕಡೆಗೆ ನಡೆದರು.

ದೇಶವಿಭಜನೆಯಿಂದ ಮನೆಮಠಗಳನ್ನು ಕಳೆದುಕೊಂಡು ಬಂದ ಲಕ್ಷಾಂತರ ಜನ ದೆಹಲಿಯ ಸುತ್ತಮುತ್ತ ಡೇರೆಗಳಲ್ಲಿದ್ದರು. ಸರ್ಕಾರದ ಗಂಜಿಯೂ ದಾನಿಗಳ ಕಂಬಳಿಯೂ ಪ್ರಾಣವನ್ನು ಉಳಿಸಿದವು, ಅದು ಸಣ್ಣ ಕೆಲಸವಲ್ಲ. ಆದರೆ ತಿಂಗಳುಗಟ್ಟಲೆ ಕೈಯೊಡ್ಡಿ ನಿಂತ ಮನುಷ್ಯನಲ್ಲಿ ಏನೋ ಒಂದು ಕುಸಿಯುತ್ತದೆಂಬುದನ್ನು ಕಮಲಾದೇವಿಯವರು ಕಂಡರು. 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು, ಅಂದರೆ ಇಂಡಿಯನ್ ಕೋಆಪರೇಟಿವ್ ಯೂನಿಯನ್ನನ್ನು ಸ್ಥಾಪಿಸಿದರು. ದೆಹಲಿಯ ಬಳಿಯ ಛತ್ತರಪುರದಲ್ಲಿ ನಿರಾಶ್ರಿತ ರೈತರ ಸಹಕಾರಿ ಬೇಸಾಯ ಮೊದಲಾಯಿತು. ಅನಂತರ ಬಂದುದು ಫರೀದಾಬಾದಿನ ಮಹಾಪ್ರಯತ್ನ. ವಾಯವ್ಯ ಗಡಿಪ್ರಾಂತದಿಂದ ಬಂದ ಸುಮಾರು 50,000 ಮಂದಿಗಾಗಿ ಅಲ್ಲಿ ಹೊಸ ಪಟ್ಟಣವೊಂದು ನಿರ್ಮಾಣವಾಗಬೇಕಾಗಿದ್ದಿತು. ಬಾಬು ರಾಜೇಂದ್ರಪ್ರಸಾದರ ಅಧ್ಯಕ್ಷತೆಯಲ್ಲಿ ಅಭಿವೃದ್ಧಿ ಮಂಡಳಿಯೊಂದು ಏರ್ಪಟ್ಟಿತು. ಗುತ್ತಿಗೆದಾರರಿಂದ ಮನೆ ಕಟ್ಟಿಸಿ ಬೀಗದಕೈ ಕೊಡುವ ಬದಲಿಗೆ, ಆ ಮನೆಗಳಲ್ಲಿ ವಾಸಿಸತಕ್ಕವರೇ ಇಟ್ಟಿಗೆ ಸುಟ್ಟು, ಗೋಡೆ ಎತ್ತಿ, ರಸ್ತೆ ಹಾಕಿ, ಕೂಲಿ ಪಡೆಯುವ ಏರ್ಪಾಡು ಇಲ್ಲಿ ನಡೆಯಿತು. ಅಂಗಡಿ ಮುಂಗಟ್ಟುಗಳನ್ನು ನಡೆಸುತ್ತಿದ್ದವರು, ಎಂದೂ ಹಾರೆ ಹಿಡಿಯದವರು ಕಾರ್ಮಿಕರ ಸಹಕಾರ ಸಂಘಗಳ ಸದಸ್ಯರಾಗಿ ಮೈಬಗ್ಗಿಸಿ ದುಡಿದರು. ಮನೆಗಳು, ಶಾಲೆಗಳು, ಆಸ್ಪತ್ರೆ, ಕಾರ್ಖಾನೆಗಳು ಅವರ ಕೈಯಿಂದಲೇ ಎದ್ದವು.

ಪುತ್ತೂರಿನ ಓದುಗರಿಗೆ ಸಹಕಾರವೆಂಬ ಮಾತು ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಇಲ್ಲಿನ ವಕೀಲರಾದ ಮೊಳಹಳ್ಳಿ ಶಿವರಾಯರು ಸಾಲಗಾರ ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘಗಳನ್ನು ಕಟ್ಟಿ, ಜಿಲ್ಲೆಯ ಸಹಕಾರ ಚಳವಳಿಯ ಪಿತಾಮಹರೆನಿಸಿದರು. 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೋ ಸಂಸ್ಥೆಯನ್ನು ಕಟ್ಟಿಕೊಂಡದ್ದೂ, 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟು ಕಾರ್ಖಾನೆ ಆರಂಭವಾದದ್ದೂ ಅದೇ ಹಾದಿಯಲ್ಲಿ. ಒಂದು ಭೇದವನ್ನು ಮಾತ್ರ ಗಮನಿಸಬೇಕು: ಇವು ಭೂಮಿಯುಳ್ಳವರ ಸಹಕಾರ. ಫರೀದಾಬಾದಿನಲ್ಲಿ ನಡೆದದ್ದು ಎರಡು ಕೈಗಳ ಹೊರತು ಬೇರಾವ ಆಸ್ತಿಯೂ ಇಲ್ಲದವರ ಸಹಕಾರ. ಕೆಲವು ವರ್ಷಗಳಲ್ಲಿ ಸರ್ಕಾರಿ ಇಲಾಖೆಗಳ ಹಿಡಿತವು ಹೆಚ್ಚಿ, ಫರೀದಾಬಾದಿನ ಸಂಘಗಳು ಸೊರಗಿದವು. ಪಟ್ಟಣ ಉಳಿಯಿತು, ಬೆಳೆಯಿತು. ಅದನ್ನು ಕಟ್ಟಿದ ವಿಧಾನ ಉಳಿಯಲಿಲ್ಲ. ಕಮಲಾದೇವಿಯವರ ಜೀವನದಲ್ಲಿ ಇದು ದೊಡ್ಡ ನಿರಾಶೆಯೇ ಸರಿ. ಸುಳ್ಯ ಪುತ್ತೂರುಗಳ ಕಾಡಂಚಿನಲ್ಲಿ, ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳನ್ನು ಅರಣ್ಯಾಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದುದನ್ನು ಕಂಡವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. 1964ರ ಭಾರತ ಸಿಂಹಳ ಒಪ್ಪಂದದ ಫಲವಾಗಿ ಬಂದ ಆ ಕುಟುಂಬಗಳಿಗೆ ಕೆಲಸ ದೊರೆಯಿತು, ವಸತಿ ದೊರೆಯಿತು. ತೋಟದ ಒಡೆತನ ಮಾತ್ರ ನಿಗಮದ್ದಾಗಿಯೇ ಉಳಿಯಿತು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯು ಸ್ಥಾಪನೆಯಾದಾಗ ಅದರ ಅಧ್ಯಕ್ಷತೆ ಕಮಲಾದೇವಿಯವರಿಗೆ ಸಂದಿತು. ನಗರಗಳ ಜನ ಅವರನ್ನು ಬಹುವಾಗಿ ಬಲ್ಲುದು ಈ ಕಾರ್ಯದಿಂದಲೇ. ಅವರ ಪಾಲಿಗೆ ಕರಕುಶಲವೆಂದರೆ ಗಾಜಿನ ಕಪಾಟಿನ ಅಲಂಕಾರವಾಗಿರಲಿಲ್ಲ. ಸಂಘವಿಲ್ಲದ, ವೇತನವಿಲ್ಲದ, ನಿವೃತ್ತಿಯಿಲ್ಲದ ಲಕ್ಷಾಂತರ ಕಾರ್ಮಿಕರ ಅನ್ನವಾಗಿದ್ದಿತು. ನೇಕಾರ, ಕುಂಬಾರ, ಬಡಿಗ, ಕಂಚುಗಾರ, ಮೇದಾರ, ಕಲಾಯಿಗಾರ, ಕಸೂತಿ ಹಾಕುವ ಹೆಂಗಸು, ಇವರ ಗುಡಿಸಲುಗಳಿಗೆ ಅವರು ತಾವೇ ಹೋದರು, ನೆಲದ ಮೇಲೆ ಕುಳಿತು ಕೆಲಸವನ್ನು ನೋಡಿದರು. ಶ್ರೀಕಾಳಹಸ್ತಿಯಲ್ಲಿ ಕ್ಷೀಣಿಸಿದ್ದ ಕಲಂಕಾರಿಗೆ ತರಬೇತಿ ಕೇಂದ್ರವಾಯಿತು. ಜಯಪುರದ ನೀಲಿಯ ಮಣ್ಪಾತ್ರೆಯ ಕಲೆ ಚೇತರಿಸಿತು. ದೆಹಲಿಯ ಕೇಂದ್ರ ಗೃಹೋದ್ಯೋಗ ಮಳಿಗೆಯನ್ನು ಅವರ ಸಹಕಾರ ಸಂಘವು ವಹಿಸಿಕೊಂಡು ಬೆಳೆಸಿತು. 1964ರಲ್ಲಿ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಯಲ್ಲಿ ಪಾಲ್ಗೊಂಡರು. 1965ರಿಂದ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿಗಳು ದೊರೆಯತೊಡಗಿ, ಅದುವರೆಗೆ ಹೆಸರಿಲ್ಲದೆ ದುಡಿದವನು ಹೆಸರು ಪಡೆದನು. ಶರಣರ ಹೆಸರುಗಳ ಹಿಂದೆಯೇ ಅವರವರ ಕಾಯಕವು ಅಂಟಿಕೊಂಡಿರುವ ನಮ್ಮ ಪರಂಪರೆಯವರಿಗೆ, ಮಡಿವಾಳ ಮಾಚಯ್ಯ ಮೇದಾರ ಕೇತಯ್ಯರನ್ನು ಕಾಯಕದೊಡನೆಯೇ ಸ್ಮರಿಸುವವರಿಗೆ, ಇದರ ಅರ್ಥ ವಿವರಿಸದೆಯೂ ತಿಳಿದೀತು.

ಇಲ್ಲಿಯೂ ಆಕ್ಷೇಪಗಳು ಇಲ್ಲದಿಲ್ಲ. ಮಳಿಗೆಯಲ್ಲಿ ಸಾವಿರ ರೂಪಾಯಿಗೆ ಬಿಕರಿಯಾದ ಸೀರೆಯಲ್ಲಿ ನೇಕಾರನ ಕೈಸೇರಿದುದೆಷ್ಟು ಎಂಬ ಪ್ರಶ್ನೆ ಅಂದೂ ಇದ್ದಿತು, ಮುಂದೆಯೂ ಉಳಿಯಿತು. ದಲ್ಲಾಳಿಯನ್ನು ತೊಲಗಿಸಲು ಹೊರಟ ಸಂಸ್ಥೆಗಳೇ ಕೆಲವೆಡೆ ಹೊಸ ದಲ್ಲಾಳಿಗಳಾದವೆಂಬುದು ಸುಳ್ಳಲ್ಲ. ಸಹಕಾರವನ್ನು ಮೇಲಿನಿಂದ ಹೇರಿದರೆ ಅದು ಕಚೇರಿಯಾಗುತ್ತದೆ. ಕೆಳಗಿನಿಂದ ಬೆಳೆಸಬೇಕಾದರೆ ಕಮಲಾದೇವಿಯವರಂಥವರು ಊರೂರಿಗೆ ಒಬ್ಬರು ಬೇಕು. ಮನೆಯೊಳಗಿನ ಕೆಲಸಗಾರರ ವಿಷಯದಲ್ಲಿ ಕಾನೂನು ನಿಧಾನವಾಗಿ ಬಂದಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದು ಗಣಿಸಿತು. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ಟರು ಸ್ವಯಂ ಉದ್ಯೋಗಿ ಸ್ತ್ರೀಯರ ಸಂಘವನ್ನು ಕಟ್ಟಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಗೃಹಾಧಾರಿತ ದುಡಿಮೆಯ ಒಡಂಬಡಿಕೆಯನ್ನು ಅಂಗೀಕರಿಸಿದ್ದು 1996ರಲ್ಲಿ, ಕಮಲಾದೇವಿಯವರು ಗತಿಸಿ 8 ವರ್ಷಗಳ ಮೇಲೆ.

ರಂಗಭೂಮಿ, ನೃತ್ಯ, ಬೊಂಬೆಯಾಟಗಳ ಪುನರುಜ್ಜೀವನಕ್ಕಾಗಿ ಅವರು ಮಾಡಿದ ಕೆಲಸವನ್ನು ವರ್ಣಿಸಲು ಪ್ರತ್ಯೇಕ ಲೇಖನವೇ ಬೇಕಾದೀತು. ಭಾರತೀಯ ನಾಟ್ಯ ಸಂಘವನ್ನು ಸ್ಥಾಪಿಸಿದರು. ಬೆಂಗಳೂರಿನ ಕಥಕ್ ಮತ್ತು ನೃತ್ಯ ಸಂಯೋಜನೆಯ ನಾಟ್ಯ ಸಂಸ್ಥೆಯ ಹಿಂದೆಯೂ ಅವರ ಪ್ರೇರಣೆಯಿದ್ದಿತು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ರಮೋನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದವು. 1986ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಪ್ರಕಟವಾಯಿತು. ಅದರಲ್ಲಿ ತಮ್ಮ ಮದುವೆಗಳ ಬಗೆಗೆ ಅವರು ಆಡಿರುವುದು ಬಹು ಮಿತ. ಕೆಲಸದ ಬಗೆಗೆ ಹೇರಳ.

ಮುಪ್ಪಿನಲ್ಲಿಯೂ ಅವರ ಸಂಚಾರ ನಿಲ್ಲಲಿಲ್ಲ. ಉಡುತ್ತಿದ್ದುದು ಕೈಮಗ್ಗದ ಸೀರೆ, ಮುಡಿಯಲ್ಲಿ ಹೂವು. 1988ನೆಯ ಇಸವಿ ಅಕ್ಟೋಬರ್ 29ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಐವತ್ತೆಂಟು ವರ್ಷಗಳ ಹಿಂದೆ ಉಪ್ಪು ಮಾರಿದ ಅದೇ ಮುಂಬಯಿ ನಗರದಲ್ಲಿ ಕಮಲಾದೇವಿಯವರು ಕೊನೆಯುಸಿರೆಳೆದರು.